ಇಂದಿನ ಧಮ್ಮ ಚಿಂತನೆ: ಸೋಣನ ಪಾದರಕ್ಷೆ



ವೀಣೆಯ ತಂತಿಯ ಕಥೆ ನಮಗೆಲ್ಲ ಗೊತ್ತು. ಚಂಪಾ ನಗರದ ಸಿರಿವಂತರ ಮಗ ಸೋಣ, ಮೆತ್ತನೆಯ ಪಾದದವನು. ಭಿಕ್ಷುವಾದ ಮೇಲೆ ನಡೆದಾಡುತ್ತಾ ಧ್ಯಾನ ಮಾಡಿ ಮಾಡಿ ಅಂಗಾಲು ಒಡೆದು ದಾರಿಯೆಲ್ಲ ರಕ್ತವಾಯಿತು. ಇಷ್ಟಾದರೂ ಬಿಡುಗಡೆ ಸಿಗಲಿಲ್ಲ, ಮನೆಗೆ ಮರಳಿಬಿಡಲೇ ಎಂದುಕೊಂಡ. ಆಗ ಭಗವಾನರು ಅವನು ಬಲ್ಲ ವೀಣೆಯ ಮಾತೆತ್ತಿದರು. ತಂತಿ ತೀರ ಬಿಗಿಯಾದರೂ ನುಡಿಯದು, ತೀರ ಸಡಿಲವಾದರೂ ನುಡಿಯದು.

ಇದನ್ನು 'ಅತಿ ಆಸೆ ಬೇಡ' ಎಂಬ ಬುದ್ಧಿಮಾತಾಗಿ ಹೇಳುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಬುದ್ಧರು ಸೋಣನಿಗೆ ಗುರಿ ತಗ್ಗಿಸಿಕೋ ಅನ್ನಲಿಲ್ಲ. ಅವನು ಅರಹಂತನೇ ಆದ. ಬದಲಾದದ್ದು ತಂತಿಯ ಬಿಗಿ ಮಾತ್ರ.

ಈ ವ್ಯತ್ಯಾಸ ನಮಗೆ ಮುಖ್ಯ. ನಮ್ಮ ಕಾರ್ಗಲ್‌ನಲ್ಲಿ ಲಿಂಗನಮಕ್ಕಿ ಕಡೆಯ ರಸ್ತೆಯಲ್ಲಿ ಬೆಳಗಿನ ಜಾವ ಓಡುವ ಹುಡುಗರು ಪೊಲೀಸ್ ನೇಮಕಾತಿಗೆ ತಯಾರಾಗುತ್ತಿದ್ದಾರೆ. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. 400 ಮೀಟರಿನ ನಾಲ್ಕು ಸುತ್ತು, ಸುತ್ತಿಗೆ 97 ಸೆಕೆಂಡಿನ ಲೆಕ್ಕ. ಮೊದಲ ಸುತ್ತನ್ನೇ 75ಕ್ಕೆ ಮುಗಿಸಿದವನು ಮೂರನೆಯದರಲ್ಲಿ ಏದುಸಿರು ಬಿಡುತ್ತಾನೆ. ಅಭ್ಯಾಸವೂ ಹಾಗೆಯೇ, ದಿನವೂ ಪೂರ್ತಿ ವೇಗ, ಕಣಕಾಲು ನೋವು ಬಂದರೂ ಬಿಡುವಿಲ್ಲ. ನಿಧಾನ ಮಾಡ್ರಪ್ಪಾ ಅಂದರೆ, "ಸರ್, ನಾವು ತಡವಾಗಿ ಹೊರಟೋರು, ಎರಡು ಪಟ್ಟು ಓಡಬೇಕು" ಅನ್ನುತ್ತಾರೆ. ಆ ಮಾತು ಸುಳ್ಳಲ್ಲ. ನಿಮಗಿಷ್ಟೇ ಸಾಕು ಎಂದು ಊರೇ ನಮ್ಮ ಗುರಿ ಅಳೆದುಕೊಟ್ಟ ಕಾಲವಿತ್ತು. 'ನಿಧಾನ' ಎಂಬ ಮಾತಿನಲ್ಲಿ ಮಕ್ಕಳಿಗೆ ಅದೇ ದನಿ ಕೇಳಿದರೆ ಆಶ್ಚರ್ಯವಿಲ್ಲ.

ಆದರೆ ದೇಹಕ್ಕೆ ಚರಿತ್ರೆಯ ಲೆಕ್ಕ ತಿಳಿಯುವುದಿಲ್ಲ. ವಾರದಲ್ಲಿ ಹೆಚ್ಚು ದಿನ ಪಕ್ಕದವನೊಡನೆ ಮಾತಾಡಿಕೊಂಡು ಹೋಗುವಷ್ಟು ನಿಧಾನ, ಒಂದೆರಡು ದಿನ ವೇಗ, ಒಂದು ದಿನ ಪೂರ್ತಿ ವಿಶ್ರಾಂತಿ. ಕಾಲು ಬಲವಾಗುವುದು ಹೀಗೆ. ಇಂದು 7 ನಿಮಿಷ 20 ಸೆಕೆಂಡ್ ತೆಗೆದುಕೊಳ್ಳುವವನು ಮುಂದಿನ ತಿಂಗಳಿಗೆ 7 ನಿಮಿಷ ಇಟ್ಟುಕೊಳ್ಳಲಿ. ಆರೂವರೆ ಅಲ್ಲೇ ಇರುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಅಷ್ಟಾಂಗ ಮಾರ್ಗದ ಸಮ್ಯಕ್ ವ್ಯಾಯಾಮಕ್ಕೆ ಇಷ್ಟು ನೇರವಾದ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಬೆಳಗಾವಿಯ ಫಡೆಪ್ಪ ಚೌಗುಲೆ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿದರು. ಗೆದ್ದ ಫಿನ್‌ಲೆಂಡಿನ ಕೊಲೆಹ್ಮೈನನ್‌ಗಿಂತ 18 ನಿಮಿಷ ಹಿಂದೆ, 19ನೆಯವರಾಗಿ, 2 ಗಂಟೆ 50 ನಿಮಿಷದಲ್ಲಿ ಮುಗಿಸಿದರು. ಬರಿಗಾಲಲ್ಲಿ ಓಡುವುದೇ ಇಲ್ಲಿನ ಓಟಗಾರರ ರೂಢಿಯಾಗಿದ್ದ ಕಾಲ ಅದು. ಆ 19ನೇ ಸ್ಥಾನವನ್ನು ಸೋಲು ಅನ್ನಲು ನನಗೆ ನಾಲಿಗೆ ಬಾರದು.

ಬರಿಗಾಲು ಅಂದಾಗ ಸೋಣನ ಕಥೆಯ ಉಳಿದ ಭಾಗ ನೆನಪಾಗುತ್ತದೆ. ವೀಣೆಗೇ ನಿಲ್ಲಿಸುವವರು ಇದನ್ನು ಹೇಳುವುದಿಲ್ಲ. ವಿನಯ ಪಿಟಕದ ಮಹಾವಗ್ಗದಲ್ಲಿದೆ. ನಿನ್ನ ಪಾದ ಮೃದು, ನೀನು ಒಂದೇ ಪದರದ ಪಾದರಕ್ಷೆ ತೊಡಬಹುದು ಎಂದು ಬುದ್ಧರು ಅನುಮತಿ ಕೊಟ್ಟರು. ಸೋಣ ಒಪ್ಪಲಿಲ್ಲ. ಇಡೀ ಸಂಘಕ್ಕೆ ಕೊಟ್ಟರೆ ತೊಡುತ್ತೇನೆ, ನನಗೊಬ್ಬನಿಗಾದರೆ ಬೇಡ ಎಂದ. ಬುದ್ಧರು ಸಂಘಕ್ಕೆಲ್ಲ ಅನುಮತಿಸಿದರು. ಮೇಲಿನ ಕೇರಿ ದಾಟುವಾಗ ಕೆರ ಕಳಚಿ ಕೈಯಲ್ಲಿ ಹಿಡಿಯಬೇಕಾಗಿದ್ದವರ ಮೊಮ್ಮಕ್ಕಳು ನಾವು. ಈ ಪುಟವನ್ನು ಎರಡು ಸಲ ಓದಬೇಕು.

ಓಡುವ ಐವರಲ್ಲಿ ಇಬ್ಬರಿಗೆ ಮಾತ್ರ ಬೂಟುಗಳಿವೆ. ಭಾನುವಾರ ವಂದನೆ ಮುಗಿದ ಮೇಲೆ ಆ ವಿಷಯ ಮಾತಾಡೋಣ. ಅಳತೆ ಕೇಳಿಟ್ಟುಕೊಂಡಿದ್ದೇನೆ: 7, 8, 8.

ಭವತು ಸಬ್ಬ ಮಂಗಲಂ.