ಕಂತು ಮೊದಲೋ, ಕೂಸು ಮೊದಲೋ?

ತೆಗೆದುಕೊಂಡ ಸಾಲವನ್ನು ತಿರಿಗಿ ಕೊಡಬೇಕೆಂಬದರಲ್ಲಿ ನಮ್ಮ ವಾಚಕರೊಳಗೆ ಯಾರಿಗೂ ಸಂದೇಹವಿರದು. ಕೊಟ್ಟ ಮಾತನ್ನು ಉಳಿಸಿಕೊಳ್ಳತಕ್ಕದ್ದು, ಪರರ ಹಣವು ಪರರಿಗೆ ಸೇರತಕ್ಕದ್ದು. ಇದನ್ನು ಚಿಕ್ಕ ಮಕ್ಕಳೂ ಬಲ್ಲರು. ಹಾಗೆಯೇ ತಾನು ಹೆತ್ತ ಕೂಸಿಗೆ ಅನ್ನ ಕೊಡಬೇಕೆಂಬದರಲ್ಲಿಯೂ ಸಂದೇಹವಿಲ್ಲ. ಆದರೆ ಸೆರಗಿನ ಗಂಟಿನಲ್ಲಿರುವ ಹಣವು ಈ ಎರಡಕ್ಕೂ ಸಾಲದೆ ಹೋದರೆ ಯಾವ ಧರ್ಮವು ಮೊದಲನೆಯದು? ಗಂಡನು ತೀರಿಹೋದ ಇಲ್ಲವೆ ಬಿಟ್ಟುಹೋದ ತಾಯಂದಿರು ವಾರವಾರವೂ ಈ ಪ್ರಶ್ನೆಗೆ ತಾವೊಬ್ಬರೇ ಉತ್ತರ ಹೇಳಿಕೊಳ್ಳಬೇಕಾಗಿದೆ. ನಾವೂ ಅವರ ಸಂಗಡ ಸ್ವಲ್ಪ ಹೊತ್ತು ಕೂತು ಇದನ್ನು ವಿಚಾರಿಸುವದು ಯುಕ್ತವೆಂದು ತೋರುತ್ತದೆ.

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ ಕಮಲಾಪುರವು ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಆದರೂ ಸುತ್ತಲಿನ ಬಡವರ ಹೊಟ್ಟೆ ತುಂಬಿಸುವದು ತೊಗರಿಯ ಹೊಲಗಳ ಕೂಲಿಯೇ. ಜೂನ್ ತಿಂಗಳ ಮಳೆಗೆ ಬಿತ್ತಿದ ತೊಗರಿಯು ಡಿಸೆಂಬರ ಜನವರಿಗಳಲ್ಲಿ ಕೊಯ್ಲಿಗೆ ಬರುತ್ತದೆ. ಕಳೆ ಕೀಳುವಾಗ ಕೂಲಿಯುಂಟು, ಕೊಯ್ಲಿನಲ್ಲಿ ಕೂಲಿಯುಂಟು. ಬೇಸಿಗೆಯಲ್ಲಿ ಹೊಲಗಳು ಸುಮ್ಮನೆ ಬಿದ್ದಿರುತ್ತವೆ. ಕಂತಿಗಾದರೋ ಸುಗ್ಗಿಯೂ ಇಲ್ಲ, ಬೇಸಿಗೆಯೂ ಇಲ್ಲ. ಮಂಗಳವಾರದ ಕಂತು ಮಂಗಳವಾರವೇ ಬರುತ್ತದೆ.

ಇಂಥಾ ಊರಿನ ಒಬ್ಬ ತಾಯಿಯನ್ನು ಮನಸ್ಸಿನಲ್ಲಿ ತಂದುಕೊಳ್ಳೋಣ. ಇವಳು ಯಾರೊಬ್ಬರೂ ಅಲ್ಲ, ಲೆಕ್ಕಕ್ಕಾಗಿ ನಾವು ಕಲ್ಪಿಸಿಕೊಂಡವಳು. ಇಬ್ಬರು ಮಕ್ಕಳು. ತಿಂಗಳಿಗೆ 15 ದಿನ ಕೂಲಿ ಸಿಕ್ಕಿತು, ದಿನಕ್ಕೆ 300 ರೂಪಾಯಿಯಂತೆ 4,500 ಬಂತು ಎಂದಿಟ್ಟುಕೊಳ್ಳಿರಿ. ಸರಕಾರದವರು 2023ರಲ್ಲಿ ಆರಂಭಿಸಿದ ಗೃಹಲಕ್ಷ್ಮಿಯ 2,000 ರೂಪಾಯಿ ಆ ತಿಂಗಳು ತಪ್ಪದೆ ಬಂದರೆ ಒಟ್ಟು 6,500 ಆಯಿತು. ಇನ್ನು ಸಾಲ. ಒಂದು ಸಂಘಕ್ಕೆ ವಾರಕ್ಕೆ 600ರಂತೆ 2,400. ಮತ್ತೊಂದಕ್ಕೆ ಹದಿನೈದು ದಿನಕ್ಕೊಮ್ಮೆ 1,100ರಂತೆ 2,200. ಎರಡೂ ಕೂಡಿ 4,600. ಉಳಿದದ್ದು 1,900 ರೂಪಾಯಿ. ಪಡಿತರದ ಅಕ್ಕಿ ಬರುವದು ನಿಜ; ಎಣ್ಣೆ, ಬೇಳೆ, ಸಾಬೂನು, ಮಗನ ಜ್ವರದ ಔಷಧ, ಮಗಳ ಪುಸ್ತಕ, ಇವೆಲ್ಲಾ ಆ 1,900ರೊಳಗೆ ಆಗಬೇಕು. ಆಸ್ಪತ್ರೆಗೆ ಕಲಬುರಗಿಗೆ ಹೋಗಬೇಕಾದರೆ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟಿನ ಹಣವಿಲ್ಲವೆಂಬದು ದೊಡ್ಡ ಉಪಕಾರವೇ ಸರಿ, ಆದರೆ ಆ ದಿನದ ಕೂಲಿ ಹೋಯಿತು.

ರಿಸರ್ವ್ ಬ್ಯಾಂಕಿನವರು 2022ನೆಯ ಮಾರ್ಚಿಯಲ್ಲಿ ಒಂದು ನಿಯಮವನ್ನು ಹೊರಡಿಸಿದರು. ವರುಷಕ್ಕೆ 3 ಲಕ್ಷ ರೂಪಾಯಿಗೆ ಮೀರದ ವರಮಾನವುಳ್ಳ ಮನೆಗೆ ಅಡವಿಲ್ಲದೆ ಕಿರುಸಾಲ ಕೊಡುವಾಗ, ಆ ಮನೆಯವರ ಎಲ್ಲಾ ಸಾಲಗಳ ಕಂತು ಕೂಡಿ ತಿಂಗಳ ವರಮಾನದ ಅರ್ಧವನ್ನು ದಾಟಕೂಡದು ಎಂಬದೇ ಅದು. ನಾವು ಕಲ್ಪಿಸಿದ ತಾಯಿಯ ಅರ್ಧವು 3,250. ಆಕೆ ಕಟ್ಟುತ್ತಿರುವದು ಅದಕ್ಕಿಂತ 1,350 ಹೆಚ್ಚು. ಎರಡನೆಯ ಸಾಲ ಕೊಟ್ಟವರು ಲೆಕ್ಕ ಕೇಳಲಿಲ್ಲವೋ, ಅಥವಾ ಕೇಳಿದಾಗ ಸುಗ್ಗಿಯ ಕೂಲಿಯನ್ನೇ ಹನ್ನೆರಡು ತಿಂಗಳಿಗೂ ಬರೆದುಕೊಂಡರೋ? ಹೀಗಿರಲಾಗಿ ತಪ್ಪೆಲ್ಲಾ ಸಾಲ ಮಾಡಿದವಳದೇ ಎಂದು ಹೇಳುವವರು ಲೆಕ್ಕದ ಒಂದು ಪಾರ್ಶ್ವವನ್ನು ಮಾತ್ರ ಓದಿದವರು.

ಪ್ರವಾದಿಯಾದ ಎಲೀಷನ ಕಾಲದ ವಿಧವೆಯ ಸಂಗತಿ ನಮ್ಮವರಿಗೆಲ್ಲಾ ಗೊತ್ತು. ಸಾಲ ಕೊಟ್ಟವನು ಆಕೆಯ ಇಬ್ಬರು ಮಕ್ಕಳನ್ನು ದಾಸರನ್ನಾಗಿ ಒಯ್ಯುವದಕ್ಕೆ ಬಂದಿದ್ದನು. ಪ್ರವಾದಿಯು ಎಣ್ಣೆಯನ್ನು ಮಾರಿ ಮೊದಲು ಸಾಲ ತೀರಿಸಿ, ಉಳಿದದರಲ್ಲಿ ಮಕ್ಕಳೊಡನೆ ಜೀವಿಸುವಂತೆ ಹೇಳಿದನು. ಇದನ್ನು ಹಿಡಿದು, ಸಾಲವೇ ಮೊದಲು, ಊಟ ಆಮೇಲೆ ಎಂದು ಬೋಧಿಸುವವರುಂಟು. ಆದರೆ ಅಲ್ಲಿ ಎಣ್ಣೆಯು ಎರಡಕ್ಕೂ ಸಾಲುವಷ್ಟಿತ್ತು. ಸಾಲದೆ ಹೋದರೆ ಏನು ಮಾಡಬೇಕೆಂಬ ಪ್ರಶ್ನೆ ಆ ಮನೆಯಲ್ಲಿ ಹುಟ್ಟಲೇ ಇಲ್ಲ. ಆದಕಾರಣ ಆ ಸಂಗತಿಯಿಂದ ಇದಕ್ಕೆ ಉತ್ತರ ಹುಡುಕುವದು ಸರಿಯಲ್ಲ. ಮತ್ತೊಂದು ಮಾತನ್ನು ಮಾತ್ರ ಅದರಿಂದ ಕಲಿಯಬಹುದು: ಪ್ರವಾದಿಯು ಚಿಂತಿಸಿದ್ದು ಮಕ್ಕಳು ದಾಸರಾಗದಂತೆ. ಈಗಿನ ಸಾಲಗಾರನು ಮಕ್ಕಳನ್ನು ಒಯ್ಯುವದಿಲ್ಲ. ಆದರೆ ಕಂತಿಗೆ ಹಣ ಹೊಂದಿಸುವದಕ್ಕಾಗಿ ಹನ್ನೆರಡು ವರುಷದ ಮಗಳನ್ನು ಶಾಲೆ ಬಿಡಿಸಿ ಕೊಯ್ಲಿಗೆ ಕಳುಹಿಸಿದರೆ, ಒಯ್ದದ್ದಕ್ಕೂ ಇದಕ್ಕೂ ಏನು ಭೇದ?

ನಮ್ಮ ತೀರ್ಮಾನವನ್ನು ಮರೆಮಾಡದೆ ಹೇಳುತ್ತೇವೆ. ಕೂಸಿನ ಊಟ, ಔಷಧ, ಶಾಲೆ ಇವು ಕಂತಿಗಿಂತ ಮೊದಲು. ಯಾಕಂದರೆ ಸಾಲದ ಕಾಗದಕ್ಕೆ ರುಜು ಹಾಕಿದವಳು ತಾಯಿ. ಮಕ್ಕಳು ರುಜು ಹಾಕಲಿಲ್ಲ. ತಾನು ಕೊಟ್ಟ ಮಾತಿಗಾಗಿ ತಾನು ಒಂದು ಹೊತ್ತು ಕಡಿಮೆ ಉಣ್ಣಬಹುದು, ಹಬ್ಬದ ಸೀರೆಯನ್ನು ಬಿಡಬಹುದು, ಎಲೆಯಡಿಕೆಯನ್ನು ಬಿಡಬಹುದು. ಮಾತು ಕೊಡದವರ ತುತ್ತನ್ನು ಕಿತ್ತು ತನ್ನ ಮಾತನ್ನು ಉಳಿಸಿಕೊಳ್ಳುವದಕ್ಕೆ ಆಕೆಗೆ ಅಧಿಕಾರವಿಲ್ಲ.

ಇಲ್ಲಿಗೆ ಮುಗಿಯಿತೆನ್ನುವಷ್ಟರಲ್ಲಿ ನೆರೆಯವಳ ನೆನಪು ಬರುತ್ತದೆ. ಸಂಘದ ಸಾಲವೆಂದರೆ ಒಬ್ಬರಿಗೊಬ್ಬರು ಹೊಣೆಯಾದ ಸಾಲ. ಈ ತಾಯಿ ಕಟ್ಟದೆ ಹೋದರೆ ಅದೇ ಓಣಿಯ ಉಳಿದವರು ಕೈಯಿಂದ ಹಾಕಬೇಕಾಗುವದು. ಅವರ ಮನೆಯಲ್ಲಿಯೂ ಕೂಸುಗಳುಂಟು. ಆ ಕೂಸುಗಳೂ ರುಜು ಹಾಕಲಿಲ್ಲ. ದೂರದ ಪಟ್ಟಣದ ಸಾವುಕಾರನಿಗೆ ಒಂದು ವಾರ ತಡವಾದರೆ ಆತನ ಮಕ್ಕಳು ಹಸಿಯುವದಿಲ್ಲ; ಇಲ್ಲಿ ನಷ್ಟವು ಬಡವಳಿಂದ ಬಡವಳಿಗೇ ತಗಲುತ್ತದೆ. ಈ ಪ್ರಶ್ನೆಯ ಮುಳ್ಳು ಇರುವದು ಇಲ್ಲಿಯೇ.

ಹೊಣೆಯ ಪದ್ಧತಿಯು ಹೊಸದಲ್ಲ. ಜರ್ಮನಿ ದೇಶದಲ್ಲಿ ರೈಫೈಸನ್ ಎಂಬ ಗ್ರಾಮಾಧಿಕಾರಿಯು 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ರೈತರ ಸಾಲದ ಸಂಘವನ್ನು ಕಟ್ಟಿದನು. ನಮ್ಮಲ್ಲಿಯೂ 1905ರಲ್ಲಿ ಗದುಗಿನ ಹತ್ತಿರದ ಕಣಗಿನಹಾಳದಲ್ಲಿ ಸಹಕಾರ ಸಂಘವು ಹುಟ್ಟಿತು. ಅಲ್ಲಿ ಹೊಣೆಯೂ ಊರಿನದು, ಸಂಘವೂ ಊರಿನದು. 2000ದ ಸುಮಾರಿಗೆ ಆರಂಭವಾದ ಸ್ತ್ರೀಶಕ್ತಿ ಸಂಘಗಳಲ್ಲಿ ಸಹಾ ಹೆಂಗಸರು ಕೂಡಿಟ್ಟ ತಮ್ಮದೇ ಉಳಿತಾಯವಿರುವದರಿಂದ, ಕಷ್ಟದಲ್ಲಿರುವವಳಿಗೆ ಒಂದು ತಿಂಗಳು ಬಿಡೋಣವೆಂದು ಅವರೇ ತೀರ್ಮಾನಿಸಬಲ್ಲರು. ಈಗಿನ ಅನೇಕ ಸಾಲಗಳಲ್ಲಿಯಾದರೋ ಹೊಣೆ ಓಣಿಯದು, ತೀರ್ಮಾನ ಬೇರೆಯವರದು.

ಇದರಿಂದ ತಾಯಿಗೆ ಒಂದು ಕರ್ತವ್ಯವು ಹುಟ್ಟುತ್ತದೆ. ಕಟ್ಟಲಾರೆನೆಂಬದನ್ನು ಕಂತಿನ ದಿನಕ್ಕಿಂತ ಮುಂಚೆ ಬಾಯಿಬಿಟ್ಟು ಹೇಳಬೇಕು. "ಅಕ್ಕಾ, ಈ ವಾರ ನನ್ನ ಕೈಲಿ ಆಗಂಗಿಲ್ಲ" ಎಂಬ ಈ ಮಾತನ್ನಾಡುವದಕ್ಕಿಂತ ಊರು ಬಿಟ್ಟುಹೋಗುವದು ಸುಲಭವೆಂದು ಕೆಲವರಿಗೆ ತೋರಿದೆ. 2025ರ ಆರಂಭದಲ್ಲಿ ಚಾಮರಾಜನಗರ ಮೊದಲಾದ ಜಿಲ್ಲೆಗಳಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ ಹೋದದ್ದನ್ನು ವಾಚಕರು ಕೇಳಿರಬಹುದು. ಮತ್ತೆ ಕೆಲವರು ಹೇಳುವ ನಾಚಿಕೆಯನ್ನು ತಪ್ಪಿಸಿಕೊಳ್ಳಲು ಮೂರನೆಯ ಸಾಲ ತಂದು ಎರಡನೆಯದರ ಕಂತು ಕಟ್ಟುತ್ತಾರೆ. ಹೊರಗಿನವರಿಗೆ ಆಕೆ ಬಹಳ ನಂಬಿಗಸ್ತಳಾಗಿ ಕಾಣುತ್ತಾಳೆ. ನಿಜವಾಗಿ ತನ್ನ ಹೊಣೆಗಾರರನ್ನು ಅವರಿಗೆ ತಿಳಿಸದೆಯೇ ಇನ್ನೂ ಆಳವಾದ ಗುಂಡಿಯ ಬಳಿಗೆ ನಡಿಸುತ್ತಾಳೆ. ಕಂತು ತಪ್ಪಿದ್ದಕ್ಕಿಂತ ಈ ಮುಚ್ಚುಮರೆಯೇ ಹೆಚ್ಚಿನ ದೋಷವೆಂದು ನಮ್ಮ ಎಣಿಕೆ.

ಹೊಣೆಗಾರರಿಗೂ ಒಂದು ಮಾತು. ಸತ್ಯ ಹೇಳಿದವಳ ಅಂಗಳದಲ್ಲಿ ಕೂತು ಬೈಯುವದು, ಪಾತ್ರೆಗೆ ಕೈಹಾಕುವದು, ಸಭೆಯಲ್ಲಿ ಆಕೆಯಿಂದ ಮುಖ ತಿರುಗಿಸುವದು, ಇವು ಹೊಣೆಗಾರರ ಕೆಲಸವಲ್ಲ. ಬೀಸುವ ಕಲ್ಲನ್ನೂ ವಿಧವೆಯ ಬಟ್ಟೆಯನ್ನೂ ಅಡವು ತೆಗೆದುಕೊಳ್ಳಬಾರದೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸಿತು. ಸಾಲ ಕೊಟ್ಟವನು ಅಡವಿಗಾಗಿ ಮನೆಯೊಳಕ್ಕೆ ಹೋಗದೆ ಹೊರಗೆ ನಿಂತಿರಬೇಕೆಂದೂ ವಿಧಿಸಿತು. ಆಶ್ಚರ್ಯವೇನಂದರೆ ರಿಸರ್ವ್ ಬ್ಯಾಂಕಿನ ನಿಯಮವೂ ಆ ಹೊಸ್ತಿಲನ್ನು ಗುರುತಿಸುತ್ತದೆ. ಇಬ್ಬರೂ ಒಪ್ಪಿದ ಒಂದು ಸ್ಥಳದಲ್ಲಿ ವಸೂಲಿ ನಡೆಯತಕ್ಕದ್ದು. ಒಂದರ ಮೇಲೊಂದರಂತೆ ಎರಡು ಸಾರಿಯಾದರೂ ಸಾಲಗಾರಳು ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಹೋಗಬಹುದು. ಬೆಳಿಗ್ಗೆ 9ಕ್ಕೆ ಮುಂಚೆಯೂ ಸಂಜೆ 6ರ ಮೇಲೆಯೂ ಕರೆಯಕೂಡದು, ಬೈಯಕೂಡದು, ಬಂಧುಗಳನ್ನು ಪೀಡಿಸಕೂಡದು, ಹೆಸರನ್ನು ಪ್ರಕಟಿಸಕೂಡದು. ನಮ್ಮ ರಾಜ್ಯದ 2025ರ ಕಾನೂನಂತೂ ಕಿರುಸಾಲದ ವಸೂಲಿಯಲ್ಲಿ ಬಲಾತ್ಕಾರ ಮಾಡುವವರಿಗೆ 10 ವರುಷದ ತನಕ ಸೆರೆ, 5 ಲಕ್ಷ ರೂಪಾಯಿ ತನಕ ದಂಡವನ್ನು ಇಟ್ಟಿದೆ. ಆದರೆ ಇದರಿಂದ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಸಂಸ್ಥೆಯ ಸಾಲವು ಮನ್ನಾ ಆಯಿತೆಂದು ಯಾರೂ ತಿಳಿಯಬಾರದು.

ಗಂಡನ ಸಾಲದ ವಿಷಯ ಒಂದೆರಡು ಮಾತು, ಯಾಕಂದರೆ ದುಃಖದ ದಿನಗಳಲ್ಲಿಯೇ ಜನರು ಬಾಗಿಲಿಗೆ ಬರುತ್ತಾರೆ. ತೀರಿಹೋದ ಗಂಡನು ತನ್ನ ಹೆಸರಿನಲ್ಲಿಯೇ ಮಾಡಿದ ಸಾಲಕ್ಕೆ ಹೆಂಡತಿಯು ತಾನು ಜಾಮೀನು ಹಾಕದಿದ್ದರೆ, ಆತನಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಬಾಧ್ಯಳು. ತನ್ನ ಹೆಸರಿನಲ್ಲಿ ತೆಗೆದು ಆತನ ಕೈಗೆ ಕೊಟ್ಟಿದ್ದರೆ ಆ ಸಾಲವು ಆಕೆಯದೇ. ಇದು ಕಠಿಣವಾದರೂ ಹಾಗೆಯೇ ಇದೆ. ಅನೇಕ ಸಂಸ್ಥೆಗಳು ಸಾಲ ಕೊಡುವಾಗಲೇ ವಿಮೆಯ ಹಣವನ್ನು ಹಿಡಿದುಕೊಳ್ಳುತ್ತವೆ, ಮತ್ತು ಆ ವಿಮೆಯಲ್ಲಿ ಗಂಡನ ಜೀವವೂ ಸೇರಿರುವದುಂಟು. ವಿಧವೆಯಾದವಳು ಕಾಗದಗಳನ್ನು ಓದಬಲ್ಲವರ ಕೈಗೆ ಕೊಟ್ಟು ಅದನ್ನು ವಿಚಾರಿಸದೆ ಮುಂದಿನ ಕಂತಿಗೆ ತಾಳಿಯನ್ನು ಅಡವಿಡಬಾರದು.

ಇನ್ನು ನಮ್ಮ ಲೆಕ್ಕದ ತಾಯಿ. ಬೇಸಿಗೆಯಲ್ಲಿ ಎಷ್ಟು ಸಾಧ್ಯವೋ ಅಷ್ಟನ್ನು, ನೂರಾದರೂ ಇನ್ನೂರಾದರೂ, ಕಟ್ಟುತ್ತಾ ಬಂದು, ಅವಧಿಯನ್ನು ಉದ್ದಮಾಡಿ ಕಂತನ್ನು ಕಡಿಮೆ ಮಾಡಿಕೊಡಿರೆಂದು ಸಂಸ್ಥೆಯನ್ನು ಕೇಳಲಿ. ತನಗಾಗಿ ನೆರೆಯವಳು ಹಾಕಿದ ಹಣವನ್ನು ಬೇರೆ ಪುಸ್ತಕದಲ್ಲಿ ಬರೆದಿಡಲಿ. ಡಿಸೆಂಬರಿನಲ್ಲಿ ತೊಗರಿಯ ಕೂಲಿ ಕೈಗೆ ಬಂದಾಗ ಮೊದಲು ಆ ನೆರೆಯವಳಿಗೆ ಕೊಡಲಿ, ಆಮೇಲೆ ಸಂಸ್ಥೆಯ ಬಾಕಿಯನ್ನು ಕಟ್ಟಲಿ. ತಡವಾದದ್ದಕ್ಕೆ ದಂಡ ಹಾಕಿದರೆ ಅದು ಬಾಕಿಯಾದ ಹಣದ ಮೇಲೆ ಮಾತ್ರ, ಸಾಲದ ಪೂರ್ತಿ ಮೊತ್ತದ ಮೇಲೆ ಅಲ್ಲವೆಂದು ನಿಯಮವಿದೆ. ಕಟ್ಟಿದ ಪ್ರತಿಯೊಂದು ರೂಪಾಯಿಗೂ ರಸೀದಿ ಕೇಳಿ ತೆಗೆದುಕೊಂಡು, ಮಗಳಿಂದ ಅದನ್ನು ಓದಿಸಿ ನೋಡಲಿ.