ಅವಳ ಒಪ್ಪಿಗೆ, ಮನೆಯ ಲೆಕ್ಕ

ಕರ್ನಾಟಕದ ಕಾಗವಾಡದಿಂದ ಗಡಿ ದಾಟಿದರೆ ಮಹಾರಾಷ್ಟ್ರದ ಮಿರಜ್ ತಾಲ್ಲೂಕಿನ ಮ್ಹೈಸಾಳ. 2017ರ ಮಾರ್ಚಿನಲ್ಲಿ ಆ ಊರಿನ ಹಳ್ಳದ ಹತ್ತಿರ ಪೊಲೀಸರು 19 ಭ್ರೂಣಗಳನ್ನು ಅಗೆದು ತೆಗೆದರು. ಅಲ್ಲಿನ ದವಾಖಾನೆಯೊಂದರಲ್ಲಿ ಗರ್ಭಪಾತದ ವೇಳೆ ಒಬ್ಬ ಹೆಣ್ಣುಮಗಳು ಸತ್ತ ಮೇಲೆ ಸಂಗತಿ ಹೊರಬಿದ್ದಿತ್ತು. ಆ ದವಾಖಾನೆ ನಡೆಸುತ್ತಿದ್ದವರು ಹೋಮಿಯೋಪತಿ ಓದಿದವರು. ತನಿಖೆಯ ಜಾಡು ಗಡಿಯ ಈಚೆಗೆ, ಕರ್ನಾಟಕದೊಳಕ್ಕೂ ಬಂತು. ಈಚೆ ಬದಿಯ ಅನಂತಪುರ, ಅಥಣಿ ಕಡೆಯ ಜನ ದೊಡ್ಡ ಬೇನೆಗೆ ಮಿರಜಿಗೆ ಹೋಗುವುದು ಹಳೆಯ ರೂಢಿ. ಎಷ್ಟೋ ಜೀವ ಉಳಿಸಿದ ದಾರಿಯದು.

ಹೆಣ್ಣುಭ್ರೂಣ ಹತ್ಯೆಯ ಆರೋಪದ ಈ ಪ್ರಕರಣ ನೆನೆದಾಗಲೆಲ್ಲ ನನ್ನನ್ನು ಕಾಡುವುದು ನಮ್ಮ ಎರಡು ಕಾನೂನುಗಳು. 1971ರ ಗರ್ಭಪಾತ ಕಾಯ್ದೆಯ ಪ್ರಕಾರ ವೈದ್ಯರ ಅಭಿಪ್ರಾಯದ ಜೊತೆ ವಯಸ್ಕ ಹೆಣ್ಣಿನ ಒಪ್ಪಿಗೆ ಸಾಕು. ಗಂಡನ ಸಹಿ ಬೇಕಿಲ್ಲ. 1994ರ ಲಿಂಗ ಪತ್ತೆ ನಿಷೇಧ ಕಾಯ್ದೆ ಬೇರೆಯೇ ಮಾತು ಹೇಳುತ್ತದೆ: ಗರ್ಭಿಣಿ ಲಿಂಗ ಪತ್ತೆ ಮಾಡಿಸಿಕೊಂಡರೆ, ಗಂಡನೋ ಸಂಬಂಧಿಕರೋ ಬಲವಂತ ಮಾಡಿದರೆಂದೇ ನ್ಯಾಯಾಲಯ ಮೊದಲು ಭಾವಿಸಬೇಕು, ಹಾಗಲ್ಲವೆನ್ನುವವರು ಸಾಬೀತು ಮಾಡಬೇಕು. ಒಂದು ಕಾಯ್ದೆಗೆ ಅವಳು ಸ್ವತಂತ್ರಳು, ಇನ್ನೊಂದಕ್ಕೆ ಪರಾಧೀನಳು. ಹೆಣ್ಣಿಗೆ ಸ್ವಂತ ಬುದ್ಧಿ ಇಲ್ಲವೆಂದು ಕಾನೂನೇ ಹೇಳಿದಂತಾಗಲಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ನನಗನಿಸುವಂತೆ ಎರಡೂ ಕಾಯ್ದೆಗಳು ನಿಜವನ್ನೇ ಹೇಳುತ್ತಿವೆ. "ಈಗ ನನ್ನ ಕೈಲಿ ಇನ್ನೊಂದು ಹೆರೋದು ಆಗಂಗಿಲ್ರಿ" ಎನ್ನುವವಳು ತನ್ನ ದೇಹದ, ತನ್ನ ಬದುಕಿನ ಮಾತು ಆಡುತ್ತಾಳೆ. "ಹೆಣ್ಣಾದ್ರ ಬ್ಯಾಡ್ರಿ" ಎಂಬ ಮಾತು ಅವಳ ಬಾಯಿಂದಲೇ ಬಂದರೂ ಅದರೊಳಗೆ ಹೊಲ ಯಾರಿಗೆ, ವರದಕ್ಷಿಣೆ ಎಷ್ಟು, ಹೆಸರು ಹೇಳುವವರು ಯಾರು ಎಂಬ ಮನೆಯ ಲೆಕ್ಕವಿದೆ. ಆ ಲೆಕ್ಕದಲ್ಲಿ ಅವಳೂ ಒಮ್ಮೆ ಬೇಡವಾಗಿದ್ದವಳೇ. ಮ್ಹೈಸಾಳದ ಪ್ರಕರಣದಲ್ಲಿ ಸತ್ತವಳ ಗಂಡನನ್ನೂ ಪೊಲೀಸರು ಬಂಧಿಸಿದ್ದರು.

ರೋಗಿಯ ದೇಹದ ಸತ್ಯ ರೋಗಿಗೇ ಸೇರಿದ್ದು, ಭ್ರೂಣದ ಲಿಂಗವನ್ನು ವೈದ್ಯರು ಬಚ್ಚಿಡುವುದು ನ್ಯಾಯವೇ ಎಂಬ ವಾದವೂ ಉಂಟು. ಒಪ್ಪಿಗೆಯ ಬಗ್ಗೆ ನಮ್ಮ ಸುಪ್ರೀಂ ಕೋರ್ಟ್ ಖಡಾಖಂಡಿತ: 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಮಗಳು ಅರಿವಳಿಕೆಯಲ್ಲಿದ್ದಾಗ ತಾಯಿಯಿಂದ ಪಡೆದ ಒಪ್ಪಿಗೆ ಸಿಂಧುವಲ್ಲವೆಂದಿತು. ಹಾಗಿದ್ದರೂ ಹೆಣ್ಣುಭ್ರೂಣ ಎಂಬುದು ರೋಗದ ಸುದ್ದಿಯಲ್ಲ. ಲಿಂಗಕ್ಕೆ ಅಂಟಿಬರುವ ಕೆಲವು ವಂಶವಾಹಿ ಕಾಯಿಲೆಗಳನ್ನು ಬಿಟ್ಟರೆ ಅದರಿಂದ ಯಾವ ಚಿಕಿತ್ಸೆಯೂ ಬದಲಾಗದು. ವೈದ್ಯರ ಮೌನ ಇಲ್ಲಿ ವಂಚನೆಯಲ್ಲ.

ಆದರೆ ಸ್ಕ್ಯಾನಿಂಗ್ ಯಂತ್ರಕ್ಕೆ ಮುದ್ರೆ ಹಾಕಿ, ಫಾರಂ ತುಂಬಿಸಿದ ಮಾತ್ರಕ್ಕೆ ಕೆಲಸ ಮುಗಿಯದು. 2023ರಲ್ಲಿ ಮಂಡ್ಯದ ಬಳಿ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದುದು ಬಯಲಾಯಿತು. ಇಂಥ ಸುದ್ದಿ ಬಂದಾಗಲೆಲ್ಲ ಅಧಿಕಾರಿಗಳ ಕಣ್ಣು ಗರ್ಭಪಾತದ ಮೇಲೆಯೇ ಬೀಳುತ್ತದೆ. ಪ್ರಾಮಾಣಿಕ ವೈದ್ಯರೂ, ಎರಡು ಹೆಣ್ಣು ಹೆತ್ತವಳು ಬಂದರೆ, ಉಸಾಬರಿಯೇ ಬೇಡವೆಂದು ವಾಪಸ್ ಕಳಿಸಿಬಿಟ್ಟಾರು. ನನಗೆ ಸಿಟ್ಟು ಬರುವುದು ಇಲ್ಲೇ. ಹಾಗೆ ಹೊರಬಿದ್ದವಳಿಗೆ ಉಳಿಯುವುದು ಮ್ಹೈಸಾಳದಂಥ ಕೋಣೆ.

ಅಥಣಿಯಲ್ಲಾಗಲಿ ಮಿರಜಿನಲ್ಲಾಗಲಿ ವೈದ್ಯರು ಮಾಡಬಹುದಾದದ್ದು ಒಂದಿದೆ: ಗಂಡ, ಅತ್ತೆಯನ್ನು ಹೊರಗೆ ಕೂರಿಸಿ, ಅವಳೊಬ್ಬಳನ್ನೇ ಅವಳ ಮಾತಿನಲ್ಲಿ ಕೇಳುವುದು. ಒಬ್ಬಳೇ ಇದ್ದಾಗಲೂ ಮನೆಯ ಮಾತನ್ನೇ ಆಡಿಯಾಳು. ಕಾಲು ಗಂಟೆಯ ಏಕಾಂತ ಇಷ್ಟು ವರ್ಷದ ಹೆದರಿಕೆಯನ್ನು ಬಿಡಿಸಲಾರದು. ಆಗಲೂ ಲಿಂಗ ಹೇಳಬಾರದು. ಕಾಯ್ದೆಯ ಮಿತಿಯೊಳಗೆ ಅವಳು ತನಗಾಗಿ ಗರ್ಭಪಾತ ಕೇಳಿದರೆ, ಹಿಂದೆ ಎಷ್ಟು ಹೆಣ್ಣು ಹೆತ್ತಿದ್ದಾಳೆಂದು ಎಣಿಸಿ ಇಲ್ಲ ಎನ್ನಲೂಬಾರದು.