ಉಪಗೂಹನವೂ ಗ್ರಂಥದೋಷ ನಿವೇದನೆಯೂ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಧರ್ಮಮಾರ್ಗದಲ್ಲಿರುವವರಲ್ಲಿ ಅಜ್ಞಾನದಿಂದಲೋ ಅಶಕ್ತಿಯಿಂದಲೋ ಉಂಟಾದ ದೋಷವನ್ನು ಬಯಲಿಗೆಳೆಯದಿರುವುದು ಅದರ ಲಕ್ಷಣ. ಹಾಗಾದರೆ ಉಪಕಾರಬುದ್ಧಿಯಿಂದ ಬರೆದು, ಮೂಲ್ಯವನ್ನು ಬಯಸದೆ ಎಲ್ಲರಿಗೂ ಕೊಟ್ಟ ಗ್ರಂಥದಲ್ಲಿ ತಪ್ಪು ಕಂಡರೆ ಶ್ರಾವಕನ ಕರ್ತವ್ಯವೇನು? ಮೌನವು ಉಪಗೂಹನವೇ? ತಿಳಿಸುವುದು ಪರನಿಂದೆಯೇ?

ಪ್ರಶ್ನೆಯು ಓಲೆಗರಿಯ ಕಾಲಕ್ಕಷ್ಟೇ ಸೇರಿದುದಲ್ಲ. ಇಂದು ಲಿಬ್ರೆ ಆಫೀಸ್‌ನಂಥ ಮುಕ್ತ ತಂತ್ರಾಂಶಗಳು ಶುಲ್ಕವಿಲ್ಲದೆ ದೊರೆಯುತ್ತವೆ. ಅವುಗಳ ಕೈಪಿಡಿಗಳನ್ನು ಬಹುಮಟ್ಟಿಗೆ ಸ್ವಯಂಸೇವಕರೇ ಬರೆಯುತ್ತಾರೆ. ಆಧುನಿಕ ಕಾಲದ ಶಾಸ್ತ್ರದಾನವೆಂದರೂ ಸಲ್ಲುತ್ತದೆ. ಹೊನ್ನಾವರದಲ್ಲೋ ಕುಮಟೆಯಲ್ಲೋ ಬಸದಿಯೊಂದರ ಲೆಕ್ಕವನ್ನು ಗಣಕದಲ್ಲಿ ಬರೆದಿಡುವ ತರುಣನೊಬ್ಬನನ್ನು ಭಾವಿಸಿಕೊಳ್ಳಬಹುದು. ಕೈಪಿಡಿಯಲ್ಲಿ ಹೇಳಿದ ಕ್ರಮವೇ ತಪ್ಪಾಗಿದ್ದರೆ ವರ್ಷದ ಲೆಕ್ಕವೆಲ್ಲ ಅಳಿಸಿಹೋದೀತು. ಹೇಗೋ ಸರಿಯಾದ ಕ್ರಮವನ್ನು ಕಂಡುಕೊಂಡ ಅವನು ಸುಮ್ಮನಾದರೆ, ಅದೇ ಪುಟವನ್ನು ನಂಬಿದ ಮುಂದಿನವನಿಗೆ ಅದೇ ಹಾನಿ ಕಾದಿರುತ್ತದೆ.

ಜ್ಞಾನಾಚಾರದ ಎಂಟು ಅಂಗಗಳಲ್ಲಿ ವ್ಯಂಜನಶುದ್ಧಿ, ಅರ್ಥಶುದ್ಧಿ, ಉಭಯಶುದ್ಧಿ ಎಂಬ ಮೂರು ಅಕ್ಷರ ಮತ್ತು ಅರ್ಥಗಳ ನಿರ್ದೋಷತೆಗೇ ಮೀಸಲಾಗಿವೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಜ್ಞಾನಾವರಣ ಕರ್ಮದ ಆಸ್ರವಕ್ಕೆ ಹೇಳುವ ಕಾರಣಗಳಲ್ಲಿ ನಿಹ್ನವ, ಅಂದರೆ ಬಲ್ಲುದನ್ನು ಮರೆಮಾಚುವುದು, ಸೇರಿದೆ. ಅದೇ ಅಧ್ಯಾಯವು ಪರನಿಂದೆ ಆತ್ಮಪ್ರಶಂಸೆಗಳನ್ನು ನೀಚಗೋತ್ರದ ಕಾರಣಗಳಲ್ಲಿ ಎಣಿಸುತ್ತದೆ. ಎರಡನ್ನೂ ಕೂಡಿಸಿ ನೋಡಿದರೆ ದಾರಿ ತಿಳಿಯಾಗುತ್ತದೆ: ಉಪಗೂಹನವು ವ್ಯಕ್ತಿಗೆ ಸಲ್ಲುವುದೇ ಹೊರತು ವಾಕ್ಯಕ್ಕಲ್ಲ. ಬರೆದವನ ಕೊರತೆಯನ್ನು ಮುಚ್ಚಬೇಕು. ಬರೆಹದ ತಪ್ಪನ್ನು ತೋರಿಸಬೇಕು.

ಷಟ್ಖಂಡಾಗಮದ ಧವಲಾ ಟೀಕೆಯ ಮುದ್ರಣವು ಇದಕ್ಕೆ ಉತ್ತಮ ನಿದರ್ಶನ. ಅದರ ಪ್ರಾಚೀನ ತಾಡಪತ್ರಗಳು ಮೂಡಬಿದಿರೆಯಲ್ಲಿವೆ. 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಹೊರಬಂದಾಗ, ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದವು ಕೈಗೆ ದೊರೆತ ಪ್ರತಿಗಳಲ್ಲಿ ಇರಲಿಲ್ಲ. ಅರ್ಥಸಂಗತಿಯಿಂದ ಅದು ಬಿಟ್ಟುಹೋಗಿದೆಯೆಂದು ಸಂಪಾದಕರಿಗೆ ತೋರಿತು. ಅವರು ಲಿಪಿಕಾರರನ್ನು ದೂಷಿಸಲಿಲ್ಲ. ಮೂಲಪಾಠವನ್ನು ತಿದ್ದಲೂ ಇಲ್ಲ. ಅಡಿಟಿಪ್ಪಣಿಯಲ್ಲಿ ತಮ್ಮ ಊಹೆಯನ್ನು ನಿವೇದಿಸಿದರು. ಮುಂದೆ ಮೂಡಬಿದಿರೆಯ ತಾಡಪತ್ರದೊಡನೆ ಹೋಲಿಸಿದಾಗ ಆ ಪದವು ಅಲ್ಲಿ ದೊರೆಯಿತು. ಅದರ ತಾತ್ಪರ್ಯದ ಬಗೆಗೆ ವಿದ್ವಾಂಸರಲ್ಲಿ ತೀವ್ರ ಚರ್ಚೆ ನಡೆದರೂ, ಶಂಕೆಯನ್ನು ಶಂಕೆಯೆಂದೇ ಬರೆದಿಟ್ಟ ಆ ಟಿಪ್ಪಣಿಯ ವಿನಯವು ಆದರ್ಶಪ್ರಾಯವಾಗಿದೆ.

ಭಟ್ಕಳ ಸೀಮೆಗೆ ಈ ಎಚ್ಚರವು ಹೊಸದಲ್ಲ. ಹಾಡುವಳ್ಳಿಯ ಗುರುಪರಂಪರೆಗೆ ಸೇರಿದ ಭಟ್ಟಾಕಳಂಕದೇವನು 1604ರಲ್ಲಿ 592 ಸೂತ್ರಗಳ ಕರ್ಣಾಟಕ ಶಬ್ದಾನುಶಾಸನವನ್ನು ರಚಿಸಿದನು. ಸೂತ್ರಗಳಿಗೆ ವೃತ್ತಿಯನ್ನೂ ವ್ಯಾಖ್ಯಾನವನ್ನೂ ತಾನೇ ಬರೆದು, ಬರಬಹುದಾದ ಆಕ್ಷೇಪಗಳನ್ನು ತಾನೇ ಎತ್ತಿ ಸಮಾಧಾನ ಹೇಳಿದನು. ದೂರದ ಅಮೆರಿಕದ ಗಣಕಶಾಸ್ತ್ರಜ್ಞ ಡೊನಾಲ್ಡ್ ನೂತ್ ಅವರು ತಮ್ಮ ಗ್ರಂಥಗಳಲ್ಲಿ ತಪ್ಪನ್ನು ಮೊದಲು ತೋರಿಸಿದವರಿಗೆ 2.56 ಡಾಲರುಗಳ ಬಹುಮಾನವನ್ನು ಇಟ್ಟರು. ಆಕ್ಷೇಪವನ್ನು ಸ್ವಾಗತಿಸುವ ಗ್ರಂಥಕರ್ತನ ಗೌರವವು ಕುಂದುವುದಿಲ್ಲ.

ನಿವೇದಿಸುವ ರೀತಿಯನ್ನು ಭಾಷಾಸಮಿತಿಯೇ ಕಲಿಸುತ್ತದೆ. ಮಾತು ಹಿತವಾಗಿರಬೇಕು: ತಪ್ಪಿನೊಡನೆ ಸರಿಯಾದುದನ್ನೂ, ಅದಕ್ಕೆ ಆಧಾರವನ್ನೂ ತಿಳಿಸಬೇಕು. ಮಿತವಾಗಿರಬೇಕು: ಯಾವ ಆವೃತ್ತಿ, ಯಾವ ಪುಟ, ಯಾವ ಸಾಲು ಎಂಬುದಷ್ಟೇ ಸಾಕು. ಪ್ರಿಯವಾಗಿರಬೇಕು: ಸಂಬಳವಿಲ್ಲದೆ ದುಡಿದವರಿಗೆ ಕೃತಜ್ಞತೆ ಮೊದಲು ಸಲ್ಲಬೇಕು. ನಿಶ್ಚಯವಿಲ್ಲದಿದ್ದರೆ ‘ಹೀಗಿರಬಹುದೇ?’ ಎಂದು ಕೇಳುವುದೇ ಅನೇಕಾಂತದೃಷ್ಟಿಗೆ ಒಪ್ಪುವ ಮಾತು. ತಾನೇ ತಪ್ಪು ತಿಳಿದಿರುವ ಸಂಭವವೂ ಉಂಟಷ್ಟೆ.

ಪೂಜಾವಿಧಿ, ಪಂಚಾಂಗ, ಸ್ತೋತ್ರಸಂಗ್ರಹಗಳನ್ನು ಅಚ್ಚುಮಾಡಿಸುವ ಬಸದಿಗಳ ಧರ್ಮದರ್ಶಿಗಳೂ ಇದನ್ನು ಮನನ ಮಾಡಬೇಕು. ದೋಷ ಕಂಡವರು ಎಲ್ಲಿಗೆ ತಿಳಿಸಬೇಕೆಂದು ಪುಸ್ತಕದಲ್ಲೇ ಒಂದು ಸಾಲು ಅಚ್ಚಾಗಲಿ; ಬಂದ ತಿದ್ದುಪಡಿಯನ್ನು ಮುಂದಿನ ಮುದ್ರಣದಲ್ಲಿ ಸೇರಿಸಲಿ. ಗ್ರಂಥವನ್ನು ಕೊಡುವುದು ಹೇಗೆ ದಾನವೋ, ಕೊಟ್ಟ ಗ್ರಂಥವನ್ನು ಶುದ್ಧವಾಗಿಡುವುದೂ ಹಾಗೆಯೇ ದಾನ.